ಮುದುಕನ ಎಡಗೈ

ನಮ್ಮ ಅಂಗಡಿಯಲ್ಲಿ ಬಾಗಿಲಿಗೆ ಎದುರಾಗಿರುವ ಗೋಡೆ ಮರೆಗುಳಿಗಳಿಗೆ ಮೀಸಲು. ಚಿತ್ರಕ್ಕೆ ಫ್ರೇಮು ಹಾಕಲು ಕೊಟ್ಟು, ಮತ್ತೆ ಈ ಕಡೆ ತಲೆ ಹಾಕದವರ ವಸ್ತುಗಳನ್ನೆಲ್ಲ ಅಲ್ಲಿ ನೇತುಹಾಕುತ್ತೇವೆ. ಬೀದಿಯಲ್ಲಿ ಹೋಗುವವರು ಬಾಗಿಲಿನ ಗಾಜಿನಿಂದ ಇಣುಕಿ, ‘ಅಯ್ಯೋ, ಇದು ನಮ್ಮದಲ್ವಾ’ ಎಂದು ಒಳಗೆ ಬರಲಿ ಎಂಬ ಆಸೆ. ಈ ಪದ್ಧತಿ ಅಂಗಡಿ ಶುರುಮಾಡಿದ ದೊಡ್ಡಪ್ಪನದು. ಇನ್ನೂ ಎರಡು ನಿಯಮ ಅವರು ಬಿಟ್ಟುಹೋಗಿದ್ದಾರೆ. ಒಂದು, ಹಿಂಬದಿಗೆ ಕಾಗದ ಅಂಟಿಸಿ ಮುಗಿಸಿದ ಫ್ರೇಮನ್ನು ಗಿರಾಕಿ ಹೇಳದೆ ಬಿಚ್ಚಕೂಡದು. ಒಳಗಿರುವುದು ಅವರದು, ನಮ್ಮದು ಸುತ್ತಲಿನ ಮರ ಮಾತ್ರ. ಇನ್ನೊಂದು, ಚಿತ್ರದ ಸುತ್ತ ಬರುವ ದಪ್ಪ ರಟ್ಟನ್ನು, ಅಂದರೆ ಮೌಂಟನ್ನು, ಯಾರು ಕತ್ತರಿಸಿದರೋ ಅವರೇ ಅದರ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಅಳತೆ, ತಾರೀಕು, ಹೇಳಬೇಕಾದ್ದೇನಾದರೂ ಇದ್ದರೆ ಅದು, ಎಲ್ಲ ಬರೆದಿಡಬೇಕು. ಮುಂದೆ ಎಂದೋ ಬಿಚ್ಚುವವರಿಗೆ ತಿಳಿಯಲಿ ಅಂತ.

ಗೋಡೆಯ ಮೇಲೆ ಒಂದು ನಾಯಿಯ ಫೋಟೋ ಇದೆ, ಒಂದು ಫುಟ್‌ಬಾಲ್ ತಂಡ ಇದೆ, ಯಾರದೋ ಪದವಿ ಪ್ರಮಾಣಪತ್ರ ಇದೆ. “ಓದಿದ್ದನ್ನೇ ಮರೆತವನು ಇದನ್ನ ಎಲ್ಲಿ ನೆನಪಿಟ್ಕೋತಾನೆ” ಎಂದು ದೊಡ್ಡಮ್ಮ ಪ್ರತಿ ಸಲ ಅದರ ಧೂಳು ಒರೆಸುವಾಗ ಹೇಳುತ್ತಾರೆ. ಮಧ್ಯದಲ್ಲಿ, ಇಪ್ಪತ್ತೆರಡು ವರ್ಷಗಳಿಂದ, ಡ್ರಾಯಿಂಗ್ ಮೇಷ್ಟ್ರು ಬರೆದ ಚಿತ್ರ ಇತ್ತು. ಕಳೆದ ಗುರುವಾರದವರೆಗೆ.

ಅದು ನೀರುಬಣ್ಣದ ಚಿತ್ರ. ಕಲ್ಲಿನ ಕೋಣೆ. ಹಿಂದೆ ದೊಡ್ಡ ಕಿಟಕಿ, ಕಿಟಕಿಯಾಚೆ ಸಮುದ್ರ. ಮುಂದೆ ಒಬ್ಬ ಹುಡುಗ ನಿಂತಿದ್ದಾನೆ, ಬೆನ್ನಿಗೆ ತನಗಿಂತ ಎತ್ತರದ ಎರಡು ರೆಕ್ಕೆಗಳು. ಅವನ ಪಕ್ಕದಲ್ಲಿ ಬಾಗಿರುವ ಒಬ್ಬ ಮುದುಕ. ಮುದುಕನ ಬಲಗೈ ಹುಡುಗನ ಹೆಗಲಿನ ಪಟ್ಟಿಯ ಮೇಲಿದೆ. ಎಡಗೈ ಹುಡುಗನ ಸೊಂಟದ ಪಟ್ಟಿಯ ಕಡೆಗೆ ಚಾಚಿದೆ; ಆದರೆ ಮಣಿಕಟ್ಟಿನ ಹತ್ತಿರ ಚಿತ್ರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಮೌಂಟು.

ಕಥೆ ಗ್ರೀಕ್ ಪುರಾಣದ್ದು. ನನಗೆ ಅದನ್ನು ಹೇಳಿದ್ದು ಅಪ್ಪ, ಮರಕ್ಕೆ ಉಜ್ಜುಕಾಗದ ಹಾಕುತ್ತಾ. ಒಬ್ಬ ರಾಜ ತನ್ನ ಕುಶಲಕರ್ಮಿಯನ್ನೂ ಅವನ ಮಗನನ್ನೂ ದ್ವೀಪದಲ್ಲಿ ಸೆರೆಯಿಟ್ಟ. ಅಪ್ಪ-ಮಗ ಹಕ್ಕಿಗಳ ಗರಿ ಕೂಡಿಸಿ, ಮೇಣದಲ್ಲಿ ಅಂಟಿಸಿ, ರೆಕ್ಕೆ ಮಾಡಿಕೊಂಡು ಹಾರಿದರು. ಸೂರ್ಯನ ಹತ್ತಿರ ಹೋಗಬೇಡ ಅಂತ ಮುದುಕ ಹೇಳಿದ್ದ. ಹುಡುಗ ಹೋದ. ಮೇಣ ಕರಗಿತು. ಸಮುದ್ರ ಕೆಳಗೇ ಇತ್ತು.

ಕಥೆ ಅಷ್ಟೆ. ಆದರೆ ಚಿತ್ರದ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷ.

“ಕಟ್ತಾ ಇದಾನೆ” ಎನ್ನುತ್ತಿದ್ದರು ಅಪ್ಪ. “ಮೇಣದ ಬಟ್ಟಲಲ್ಲಿ ಇನ್ನೂ ಹಬೆ ಇದೆ ನೋಡಿ ಅತ್ತಿಗೆ. ಕೆಲಸ ಈಗ ತಾನೆ ಮುಗಿದಿದೆ. ಮಗನಿಗೆ ರೆಕ್ಕೆ ಕಟ್ಟಿ ಕಳಿಸ್ತಾ ಇದಾನೆ.”

“ಬಿಚ್ತಾ ಇದಾನೆ” ಎನ್ನುತ್ತಿದ್ದರು ದೊಡ್ಡಮ್ಮ. “ಹುಡುಗನ ಕೂದಲು ನೋಡು, ಒದ್ದೆ. ನೀರು ಮುಟ್ಟಿ ವಾಪಸ್ ಬಂದಿದಾನೆ. ಕಿಟಕಿ ಕಟ್ಟೆ ಮೇಲೆ ಒಂದು ಗರಿ ಬಿದ್ದಿದೆ. ಹೊಸಾ ರೆಕ್ಕೆಯಿಂದ ಯಾರಾದ್ರೂ ಗರಿ ಉದುರಿಸ್ತಾರಾ?”

“ಅದು ಒದ್ದೆ ಅಲ್ಲ. ಮೇಷ್ಟ್ರು ನೆರಳು ಹಾಕೋಕೆ ಹೋಗಿ ನೀರು ಜಾಸ್ತಿ ಮಾಡ್ಕೊಂಡಿದಾರೆ.”

“ನೀನು ಕಂಡೆ.”

“ಕಥೆಯಲ್ಲಿ ಹುಡುಗ ವಾಪಸ್ ಬರೋದೇ ಇಲ್ವಲ್ಲ!”

“ಕಥೆಯಲ್ಲಿ ಬಿದ್ದ. ಚಿತ್ರದಲ್ಲಿ ಎಲ್ಲಿ ಬಿದ್ದಿದಾನೆ? ನಿಂತಿದಾನಲ್ಲಪ್ಪ, ಕಣ್ಣೆದುರಿಗೆ.”

ಈ ಜಗಳ ವಾರಕ್ಕೆ ಎರಡು ಸಲವಾದರೂ ಆಗುತ್ತಿತ್ತು. ಬಂದ ಗಿರಾಕಿಗಳನ್ನೂ ಎಳೆದುಕೊಳ್ಳುತ್ತಿದ್ದರು. ಪೋಸ್ಟ್‌ಮ್ಯಾನ್ ಅಪ್ಪನ ಪಕ್ಷ: ಹುಡುಗನದು ಹೊರಡುವ ಮುಖ ಅಂತೆ, ಅಂಥ ಮುಖ ಅವನು ದಿನಾ ನೂರು ನೋಡುತ್ತಾನಂತೆ. ಪಕ್ಕದ ಅಂಗಡಿಯ ಬೀಗ ರಿಪೇರಿಯವನದು ಮೂರನೆಯ ಪಕ್ಷ: “ಅಷ್ಟು ದೊಡ್ಡ ಕಿಟಕಿ, ಒಂದು ಚಿಲಕ ಇಲ್ಲ. ಇದ್ಯಾವ ಸೀಮೆ ಜೈಲು ಸ್ವಾಮಿ?”

ಮುದುಕನ ಎಡಗೈ ಕಂಡಿದ್ದರೆ ಎಲ್ಲ ತೀರುತ್ತಿತ್ತು. ಅದನ್ನು ಮುಚ್ಚಿದವನು ಕಾಲಿಂಚು.

ಕಾಲಿಂಚು ಅಂದರೆ ದೊಡ್ಡಮ್ಮನ ಮಗ, ನನಗೆ ಅಣ್ಣ. ಅವನು ಮೌಂಟಿನ ಕಿಟಕಿ ಕತ್ತರಿಸಿದರೆ ಯಾವಾಗಲೂ ಕಾಲು ಇಂಚು ಚಿಕ್ಕದಾಗಿರುತ್ತಿತ್ತು. ಎರಡನೇ ಸಲ ಕೂತು ಅಂಚು ಸವರಬೇಕು. “ಚಿಕ್ಕದಾದ್ರೆ ದೊಡ್ಡದು ಮಾಡ್ಬಹುದು ಚಿಕ್ಕಪ್ಪ, ದೊಡ್ಡದಾದ್ರೆ ಏನ್ಮಾಡ್ತೀರಾ?” ಎಂದು ಅಪ್ಪನನ್ನೇ ಕೇಳುತ್ತಿದ್ದ. ದೊಡ್ಡಪ್ಪ ತೀರಿಕೊಂಡಾಗ ಅವನಿಗೆ ಏಳು ವರ್ಷ. ಕೆಲಸ ಕಲಿಸಿದ್ದು, ಕಿವಿ ಹಿಂಡಿದ್ದು, ಮೊದಲ ಸೈಕಲ್ ಕೊಡಿಸಿದ್ದು, ಎಲ್ಲಾ ಅಪ್ಪನೇ.

ನನಗೆ ಒಂಬತ್ತು ವರ್ಷವಿದ್ದಾಗ ಅವನಿಗೆ ಹತ್ತೊಂಬತ್ತು. ಶಾಲೆ ಬಿಟ್ಟ ಕೂಡಲೇ ನಾನು ಅಂಗಡಿಗೆ ಓಡುತ್ತಿದ್ದೆ. ಬಿಸಿ ಅಂಟಿನ ವಾಸನೆ, ಮರದ ಹೊಟ್ಟು, ಗಾಜು ಕತ್ತರಿಸುವಾಗಿನ ಆ ಹಲ್ಲು ಜುಮ್ಮೆನ್ನಿಸುವ ಸದ್ದು. ಕಾಲಿಂಚು ಖಾಲಿ ಫ್ರೇಮೊಂದನ್ನು ಎತ್ತಿ ಬಾಗಿಲ ಮುಂದೆ ಹಿಡಿಯುತ್ತಿದ್ದ. ಬೀದಿಯಲ್ಲಿ ಹೋಗುವವರು ಅದರೊಳಗೆ ಒಂದು ಕ್ಷಣ ಚಿತ್ರವಾಗುತ್ತಿದ್ದರು. ಹೆಸರಿಡುವುದು ನನ್ನ ಕೆಲಸ. ಛತ್ರಿಯ ಮುದುಕಿಗೆ ‘ಯುದ್ಧಕ್ಕೆ ಹೊರಟ ರಾಣಿ’. ಬ್ಯಾಂಕಿನ ಗುಮಾಸ್ತನಿಗೆ ‘ಹೆಂಡತಿ ಹೇಳಿದ್ದು ಮರೆತವನು’.

“ಹೇಗೆ ಗೊತ್ತಾಯ್ತೇ ಅವನು ಮರೆತಿದಾನೆ ಅಂತ?” ಅವನು ಕೇಳಿದ್ದ.

“ಮುಖ ನೋಡಿದೆ.”

“ಮುಖ ಯಾರು ಬೇಕಾದ್ರೂ ಹಾಕ್ಕೋಬಹುದು ಕಣೇ. ಕೈ ನೋಡು. ಕೈಗೆ ನಾಟಕ ಬರಲ್ಲ.”

ನೋಡಿದೆ. ಗುಮಾಸ್ತನ ಕೈ ಖಾಲಿ ಚೀಲವನ್ನು ಮಡಚುತ್ತಿತ್ತು, ಬಿಡಿಸುತ್ತಿತ್ತು, ಮತ್ತೆ ಮಡಚುತ್ತಿತ್ತು. ಈಗಲೂ ನಾನು ಯಾರನ್ನಾದರೂ ಮೊದಲು ನೋಡುವುದು ಕೈಯನ್ನೇ. ಅದರಿಂದ ಒಂದೆರಡು ಸ್ನೇಹ ಕೆಟ್ಟಿದೆ, ಇರಲಿ.

ಡ್ರಾಯಿಂಗ್ ಮೇಷ್ಟ್ರು ಶಾಲೆಯಲ್ಲಿ ಕಾಲಿಂಚುವಿಗೆ ಪಾಠ ಮಾಡಿದವರು. ಒಂದು ಸೋಮವಾರ ಸುರುಳಿ ಸುತ್ತಿದ ಚಿತ್ರ ತಂದು ಅವನ ಕೈಗೇ ಕೊಟ್ಟರು. ಅಪ್ಪ ಅವತ್ತು ಮರ ತರಲು ಹೋಗಿದ್ದರು. ದೊಡ್ಡಮ್ಮ ಮೇಷ್ಟ್ರು ಹೇಳಿದ ಅಳತೆ ಹಾಕಿ ರಸೀದಿ ಬರೆದರು, ಸುರುಳಿ ಬಿಚ್ಚಿ ನೋಡಲಿಲ್ಲ. ಕಾಲಿಂಚು ಮೌಂಟು ಕತ್ತರಿಸಿ, ಗಾಜು ಕೂರಿಸಿ, ಹಿಂಬದಿಗೆ ಕಾಗದ ಅಂಟಿಸಿ ಮುಗಿಸಿದ. ಮಂಗಳವಾರ ಸಂಜೆ ಅಪ್ಪ ನೋಡಿ ತಲೆ ಚಚ್ಚಿಕೊಂಡರು. “ಕೈಯನ್ನೇ ಕತ್ತರಿಸಿದ್ದೀಯಲ್ಲೋ! ಮೇಷ್ಟ್ರು ಬಂದ್ರೆ ಏನು ಹೇಳೋದು?” ಕಾಲಿಂಚು ನಕ್ಕ. ನಾಳೆ ನೋಡೋಣ ಚಿಕ್ಕಪ್ಪ ಎಂದ.

ನಾಳೆ, ಬುಧವಾರ, ಅವರಿಬ್ಬರೂ ಕ್ಲಬ್ಬಿನ ಸಭಾಂಗಣಕ್ಕೆ ದೊಡ್ಡದೊಂದು ಚಿತ್ರ ನೇತುಹಾಕಲು ಹೋದರು. ಗೋಡೆ ಎತ್ತರ. ಕಾಲಿಂಚು ಏಣಿ ಹತ್ತಿದ. ಅಪ್ಪ ಎಚ್ಚರಿಕೆಯ ಮನುಷ್ಯ. ಅವನ ಸೊಂಟಕ್ಕೆ ಹಗ್ಗ ಸುತ್ತಿ ಮೇಲ್ಮಹಡಿಯ ಕಂಬಿಗಳ ಕಟಾಂಜನಕ್ಕೆ ಕಟ್ಟಿದರು. ಕಟ್ಟಿದ್ದು ನಮ್ಮ ಗಂಟು. ಚಿತ್ರದ ಹಿಂದಿನ ಎರಡು ಬಳೆಗಳಿಗೆ ದಾರ ಹಾಕುವಾಗ ನಾವು ಹಾಕುವ ಗಂಟು, ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಅವರ ಬೆರಳು ಹಾಕಿದ ಗಂಟು. ಅದು ಎಷ್ಟು ಭಾರವನ್ನಾದರೂ ತಡೆಯುತ್ತದೆ, ಭಾರ ಅಲ್ಲಾಡದಿದ್ದರೆ. ಚಿತ್ರ ಅಲ್ಲಾಡುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗ ಒಂದು ಕಡೆ ನಿಲ್ಲುವುದಿಲ್ಲ. ಏಣಿ ಜಾರಿತು, ಹಗ್ಗ ಜಗ್ಗಿತು, ಗಂಟು ಸದ್ದಿಲ್ಲದೆ ಸಡಿಲವಾಯಿತು.

ಅವತ್ತಿನಿಂದ ಅಪ್ಪ ಗಂಟು ಹಾಕಲಿಲ್ಲ. ಮರ ಕೊಯ್ಯುತ್ತಾರೆ, ಮೂಲೆ ಕೂಡಿಸುತ್ತಾರೆ, ಗಾಜು ಕತ್ತರಿಸುತ್ತಾರೆ. ದಾರ ಕಟ್ಟುವ ಹೊತ್ತಿಗೆ ಚಿತ್ರವನ್ನು ಮೇಜಿನ ಈ ಕಡೆಗೆ ತಳ್ಳಿಬಿಡುತ್ತಾರೆ. ಮೊದಲು ದೊಡ್ಡಮ್ಮ ಕಟ್ಟುತ್ತಿದ್ದರು, ಆಮೇಲೆ ನಾನು. ಅವರ ಶೂಗಳಿಗೂ ಲೇಸಿಲ್ಲ.

ಮೇಷ್ಟ್ರು ಬರಲೇ ಇಲ್ಲ. ಚಿತ್ರ ಮರೆಗುಳಿಗಳ ಗೋಡೆಗೆ ಹೋಯಿತು. ಅಲ್ಲಿಗೆ ಹೋದ ಮೊದಲ ದಿನವೇ ಅಪ್ಪ ಅದರ ಮುಂದೆ ನಿಂತು, ಯಾರಿಗೂ ಅಲ್ಲದಂತೆ, “ಕಟ್ತಾ ಇದಾನೆ” ಎಂದರು. ಒಳಗಿನಿಂದ ದೊಡ್ಡಮ್ಮ, “ಬಿಚ್ತಾ ಇದಾನೆ” ಎಂದರು. ಜಗಳ ಶುರುವಾದದ್ದು ಹಾಗೆ. ನಾನು ಎಷ್ಟೋ ವರ್ಷ ಅದನ್ನು ಚಿತ್ರದ ಬಗೆಗಿನ ವಾದ ಎಂದೇ ತಿಳಿದಿದ್ದೆ. ಇಬ್ಬರೂ ಕಾಲಿಂಚುವಿನ ಹೆಸರೆತ್ತುತ್ತಿರಲಿಲ್ಲ. ಅಪ್ಪ ತಾನೇ ಕೊಂದೆ ಎನ್ನಲು, ದೊಡ್ಡಮ್ಮ ನೀನಲ್ಲ ಎನ್ನಲು, ಅವರಿಗೆ ಸಿಕ್ಕ ಜಾಗ ಆ ಒಂದು ಚಿತ್ರ. ಅದು ಹೊರಟುಹೋದರೆ ಅವರ ಮಧ್ಯೆ ಆ ಮಾತಿಗೆ ಬೇರೆ ದಾರಿಯೇ ಇರಲಿಲ್ಲ.

ಕಳೆದ ಗುರುವಾರ ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬರು ಬಂದರು. ನರ್ಸುಗಳು ಹಾಕುವ ಬಿಳಿ ಶೂ. ಗೋಡೆಯ ಮುಂದೆ ನಿಂತರು, ಚೀಲದಿಂದ ಹಳದಿಗಟ್ಟಿದ ರಸೀದಿ ತೆಗೆದರು.

“ಡ್ರಾಯಿಂಗ್ ಮೇಷ್ಟ್ರ ಮಗಳು ನಾನು. ಅಪ್ಪ ಹೋದ ತಿಂಗಳು ಹೋಗ್ಬಿಟ್ರು. ಬಣ್ಣದ ಪೆಟ್ಟಿಗೆಯಲ್ಲಿ ಇದು ಇತ್ತು.”

ದೊಡ್ಡಮ್ಮ ರಸೀದಿ ಇಸಿದುಕೊಂಡು ತಮ್ಮದೇ ಕೈಬರಹವನ್ನು ಬಹಳ ಹೊತ್ತು ನೋಡಿದರು. “ಒಂದ್ಸಲ ಬರಬಾರದಿತ್ತೇನಮ್ಮಾ ನಿಮ್ಮಪ್ಪ?”

“ಬಂದಿದ್ರಂತೆ. ಬಾಗಿಲು ಹಾಕಿತ್ತಂತೆ. ಯಾಕೆ ಅಂತ ಪಕ್ಕದ ಅಂಗಡಿಯಲ್ಲಿ ಕೇಳಿ ತಿಳ್ಕೊಂಡ್ರಂತೆ.” ಅವರು ಚಿತ್ರದ ಕಡೆ ನೋಡಿ ದನಿ ಇಳಿಸಿದರು. “ಈ ಚಿತ್ರಾನ ಆ ಮನೆಯವರ ಹತ್ರ ಹೋಗಿ ಹೆಂಗೆ ಕೇಳ್ಲಿ ಅಂತಿದ್ರು. ಸಾಯೋವರೆಗೂ ಅದನ್ನೇ ಅಂದ್ರು.”

ಅಪ್ಪ ಗರಗಸ ಕೆಳಗಿಟ್ಟರು. ಮೇಷ್ಟ್ರ ಮಗಳು ಚಿತ್ರದ ಹತ್ತಿರ ಬಗ್ಗಿ, “ಪಟ್ಟಿ ಬಿಚ್ತಾ ಇದಾನೆ, ಅಲ್ವಾ?” ಎಂದರು. “ಬ್ಯಾಂಡೇಜ್ ಬಿಚ್ಚೋವಾಗ ನಾವು ಹಿಂಗೇ ಬಾಗೋದು.”

“ನೋಡಿದ್ಯಾ?” ದೊಡ್ಡಮ್ಮ ತಟ್ಟನೆ ಅಪ್ಪನ ಕಡೆ ತಿರುಗಿದರು. “ಆಸ್ಪತ್ರೆಯವರೇ ಹೇಳ್ತಿದಾರೆ.”

ಅಷ್ಟರಲ್ಲಿ ನಾನು ರಸೀದಿ ನೋಡುತ್ತಿದ್ದೆ. ಚಿತ್ರದ ಎತ್ತರ ಹದಿನಾರು ಇಂಚು ಎಂದಿತ್ತು. ಮೌಂಟಿನ ಕಿಟಕಿಯ ಎತ್ತರ ನನಗೆ ಕಣ್ಣಳತೆಯಲ್ಲೇ ಗೊತ್ತು. ಆದರೂ ಅಳತೆಪಟ್ಟಿ ಹಿಡಿದೆ. ಹದಿನಾಲ್ಕೂಕಾಲು.

“ಅಪ್ಪಾ, ಒಂದೂಮುಕ್ಕಾಲು ಇಂಚು ಮುಚ್ಚಿದೆ.”

“ಕಾಲು ಇಂಚು ಅನ್ನು.”

“ಒಂದೂಮುಕ್ಕಾಲು. ಮೇಲೆ ಕಾಲು ಅಂತ ಇಟ್ಕೊಂಡ್ರೂ ಕೆಳಗೆ ಒಂದೂವರೆ. ಅವನು ಕಾಲಿಂಚು ತಪ್ತಿದ್ದ ಅಪ್ಪಾ. ಒಂದೂವರೆ ಇಂಚು ತಪ್ಪೋ ಕೈ ಅಲ್ಲ ಅವನದ್ದು.”

ಮೇಷ್ಟ್ರ ಮಗಳಿಗೆ ನಮ್ಮ ಮನೆಯ ಪಕ್ಷಗಳನ್ನು ವಿವರಿಸಿದೆ. ಅವರು ನಗುತ್ತಾ, “ಹಾಗಾದ್ರೆ ಬಿಚ್ಚಿ ನೋಡಿ. ನನಗೂ ನೋಡ್ಬೇಕು” ಎಂದರು. ಗಿರಾಕಿ ಹೇಳಿಯಾಯಿತು. ಇಪ್ಪತ್ತೆರಡು ವರ್ಷ ಕಾದ ಮಾತು ಇಷ್ಟು ಸಲೀಸಾಗಿ ಬಂತು.

“ಬೇಡ” ಎಂದರು ಅಪ್ಪ. “ಹಾಗೇ ತಗೊಂಡು ಹೋಗ್ಲಿ ಅವರು.”

“ಯಾಕೆ? ಸೋಲ್ತೀನಿ ಅಂತಾನಾ?” ಎಂದರು ದೊಡ್ಡಮ್ಮ. ಆದರೆ ಅವರ ಕೈ ಸೆರಗಿನ ಅಂಚನ್ನು ಹಿಂಡುತ್ತಿತ್ತು. ಕೈಗೆ ನಾಟಕ ಬರುವುದಿಲ್ಲ.

“ಗೆದ್ದುಬಿಡ್ತೀನಿ ಅಂತ ಅತ್ತಿಗೆ” ಎಂದು ಅಪ್ಪ ಒಳಕೋಣೆಗೆ ಹೋದರು. ಮರ ಕೊಯ್ಯುವ ಸದ್ದು ಶುರುವಾಯಿತು. ಅವತ್ತು ಕೊಯ್ಯಬೇಕಾದ ಮರ ಏನೂ ಇರಲಿಲ್ಲ.

ಚಿತ್ರವನ್ನು ಬೋರಲು ಹಾಕಿದೆ. ಹಿಂಬದಿಯ ಕಾಗದ ಹಳತಾಗಿ ಕಂದಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಬ್ಲೇಡು ಆಡಿಸಿದೆ. ಸಣ್ಣ ಮೊಳೆಗಳನ್ನು ಒಂದೊಂದಾಗಿ ಇಕ್ಕಳದಿಂದ ಎಳೆದೆ; ಕಾಲಿಂಚು ಅವನ್ನು ಎಂದಿನಂತೆ ಸ್ವಲ್ಪ ಓರೆಯಾಗಿ ಹೊಡೆದಿದ್ದ. ರಟ್ಟು, ಚಿತ್ರ, ಮೌಂಟು ಒಟ್ಟಿಗೆ ಎದ್ದುಬಂದವು. ಚಿತ್ರವನ್ನು ಬೇರ್ಪಡಿಸಿ ಮಗುಚಿದೆ.

ಮುದುಕನಿಗೆ ಎಡಗೈಯೇ ಇರಲಿಲ್ಲ.

ಮಣಿಕಟ್ಟಿನ ಕೆಳಗೆ ಬಣ್ಣ ಇಲ್ಲ. ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ, ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಒಂದರ ಮೇಲೊಂದು ಐದಾರು ಕೈಗಳು. ಒಂದು ಪಟ್ಟಿಯನ್ನು ಬಿಗಿಯುತ್ತಿತ್ತು. ಒಂದು ಅಗಲಿಸಿತ್ತು. ಒಂದು ಸುಮ್ಮನೆ ಹುಡುಗನ ಸೊಂಟ ಹಿಡಿದುಕೊಂಡಿತ್ತು, ನಡೆಯಲು ಕಲಿಯುವ ಮಗುವನ್ನು ಹಿಡಿಯುವ ಹಾಗೆ.

“ಅಪ್ಪನಿಗೆ ಕೈ ಬರೀಲಿಕ್ಕೆ ಬರ್ತಾನೇ ಇರ್ಲಿಲ್ಲ” ಎಂದರು ಮೇಷ್ಟ್ರ ಮಗಳು, ನಗಬೇಕೋ ಅಳಬೇಕೋ ತಿಳಿಯದೆ. “ಮನೇಲಿರೋ ಎಲ್ಲಾ ಚಿತ್ರದಲ್ಲೂ ಜನ ಕೈ ಹಿಂದೆ ಕಟ್ಕೊಂಡು ನಿಂತಿರ್ತಾರೆ. ಇದೊಂದ್ರಲ್ಲಿ ಧೈರ್ಯ ಮಾಡಿದ್ರು ಅನ್ಸುತ್ತೆ.”

ನಾನು ಮೌಂಟನ್ನು ತಿರುಗಿಸಿದೆ. ಬೆನ್ನಿನ ಮೇಲೆ ಅಳತೆ, ತಾರೀಕು, ಎಲ್ಲ ನಿಯಮದ ಪ್ರಕಾರ. ಕೆಳಗೆ ಅದೇ ಪೆನ್ಸಿಲ್ಲಿನಲ್ಲಿ ಎರಡು ಸಾಲು. ಓದಿದೆ. ಮತ್ತೆ ಓದಿದೆ. ಒಳಕೋಣೆಯ ಬಾಗಿಲಿಗೆ ಹೋಗಿ ಅಪ್ಪನ ಮುಂದೆ ಹಿಡಿದೆ. ಗರಗಸ ನಿಂತಿತು. ಅಪ್ಪನ ಕನ್ನಡಕ ಹಣೆಯ ಮೇಲಿತ್ತು. ಅದನ್ನು ಇಳಿಸಿಕೊಂಡು, ಎಲ್ಲರಿಗೂ ಕೇಳುವಂತೆ, ಮಗ್ಗಿ ಒಪ್ಪಿಸುವ ಮಗುವಿನಂತೆ ಓದಿದರು.

“ಚಿಕ್ಕಪ್ಪಾ, ಮೇಷ್ಟ್ರಿಗೆ ಈ ಕೈ ಬಂದಿಲ್ಲ, ಮುಚ್ಚಿದೀನಿ. ಯಾರಾದ್ರೂ ಕೇಳಿದ್ರೆ ಕಾಲಿಂಚು ಹಾಳು ಮಾಡ್ದ ಅನ್ನಿ.”

ದೊಡ್ಡಮ್ಮ ಸ್ಟೂಲಿನ ಮೇಲೆ ಕುಳಿತರು.

“ನಾನು ಬೈದೆ ಅತ್ತಿಗೆ” ಎಂದರು ಅಪ್ಪ. “ಮಂಗಳವಾರ ಸಂಜೆ. ಕೈ ಕತ್ತರಿಸಿದ್ಯಲ್ಲೋ ಅಂತ. ಒಂದು ಮಾತು ಹೇಳ್ಲಿಲ್ಲ. ನಕ್ಕ.”

“ಮೇಷ್ಟ್ರ ಮಾನ ಅಲ್ವಾ. ಹೇಳ್ತಾನಾ ಅವನು?”

“ಅವನ ತಪ್ಪೇ ಅಲ್ಲ ಇದು.”

“ಆದ್ರೂ ಅವನ ತಪ್ಪು ಅಂತ ಹೇಳು ಅಂದಿದಾನೆ. ಹೇಳು.”

“ಸುಳ್ಳು ಹೆಂಗೆ ಹೇಳ್ಲಿ?”

ದೊಡ್ಡಮ್ಮ ಅವರನ್ನೇ ನೋಡಿದರು. “ನಾನು ಇಪ್ಪತ್ತೆರಡು ವರ್ಷ ಹೇಳ್ಲಿಲ್ವಾ? ಬಿಚ್ತಾ ಇದಾನೆ, ಬಿಚ್ತಾ ಇದಾನೆ ಅಂತ. ನನಗೇನು ಕಥೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ನನಗೂ ಗೊತ್ತು ಕಣೋ ಕಥೆ. ಮುದುಕ ಕಟ್ಟಿದ. ಚೆನ್ನಾಗಿರ್ಲಿ ಅಂತ ಕಟ್ಟಿದ. ತನಗೆ ಗೊತ್ತಿದ್ದ ಹಾಗೆ ಕಟ್ಟಿದ. ಇನ್ನೇನು ಮಾಡಬೇಕಿತ್ತು ಅವನು?”

ಅಪ್ಪ ಬಂದು ಮೇಜಿನ ಪಕ್ಕ ನಿಂತು, ಬೆರಳನ್ನು ಕಾಗದಕ್ಕೆ ತಾಗಿಸದೆ, ಅಳಿಸಿದ ಕೈಗಳ ಮೇಲೆ ಗಾಳಿಯಲ್ಲೇ ಆಡಿಸಿದರು.

ಹೊಸ ಮೌಂಟು ಹಾಕಲೇ ಎಂದು ಮೇಷ್ಟ್ರ ಮಗಳನ್ನು ಕೇಳಿದೆ. ಪೂರ್ತಿ ಚಿತ್ರ ಕಾಣುವ ಹಾಗೆ ಕತ್ತರಿಸಿ ಕೊಡಬಹುದು. ಅವರು ಸ್ವಲ್ಪ ಯೋಚಿಸಿದರು.

“ಬೇಡ. ನಮ್ಮಪ್ಪನ ಮರ್ಯಾದೆ ಕಾಪಾಡಿದ ರಟ್ಟು. ಅದೇ ಇರ್ಲಿ.”

ಗಾಜು ಒರೆಸಿದೆ. ಹಳೆಯ ಮೌಂಟಿನ ಬೆನ್ನಿನ ಮೇಲೆ, ಅವನ ಎರಡು ಸಾಲುಗಳ ಕೆಳಗೆ, ನಿಯಮದಂತೆ ಅವತ್ತಿನ ತಾರೀಕು ಬರೆದೆ. ಬೇರೇನೂ ಹೊಳೆಯಲಿಲ್ಲ. ಚಿತ್ರ ಕೂರಿಸಿದೆ, ಮೊಳೆ ಹೊಡೆದೆ, ಹೊಸ ಕಾಗದ ಅಂಟಿಸಿದೆ. ಹಳೆಯ ದಾರ ಮುಟ್ಟಿದರೆ ಪುಡಿಯಾಗುವಂತಿತ್ತು. ಕತ್ತರಿಸಿ ಎಸೆದು, ಹೊಸ ದಾರದ ಉಂಡೆಗೆ ಕೈ ಚಾಚಿದೆ.

ಉಂಡೆ ಅಲ್ಲಿರಲಿಲ್ಲ. ಅಪ್ಪನ ಕೈಯಲ್ಲಿತ್ತು.

ಫ್ರೇಮನ್ನು ತಮ್ಮ ಕಡೆಗೆ ಎಳೆದುಕೊಂಡರು. ದಾರದ ತುದಿಯನ್ನು ಮೊದಲ ಬಳೆಯೊಳಗೆ ತೂರಿಸಿದರು. ಬೆರಳಿಗೆ ಎಲ್ಲ ನೆನಪಿತ್ತು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಬಾಗಿದ ಹೆಗಲು ಕಾಣುತ್ತಿತ್ತು, ಮೊಣಕೈ ಕಾಣುತ್ತಿತ್ತು. ಕೈ ಅವರ ಮೈಯ ಮರೆಯಲ್ಲಿತ್ತು. ಮೊಣಕೈ ಒಮ್ಮೆ ಬಿಗಿಯಿತು, ಸಡಿಲವಾಯಿತು, ಮತ್ತೆ ಬಿಗಿಯಿತು. ಕಟ್ಟುತ್ತಿದ್ದಾರೋ ಬಿಚ್ಚುತ್ತಿದ್ದಾರೋ, ನನಗೆ ಹೇಳಲು ಬರಲಿಲ್ಲ.

ಮೇಷ್ಟ್ರ ಮಗಳು ಗಡಿಯಾರ ನೋಡಿದರು. ದೊಡ್ಡಮ್ಮ ಸುತ್ತಲು ಕಾಗದ ಹರಿಯುತ್ತಾ, ತಲೆಯೆತ್ತದೆ ಹೇಳಿದರು: “ಸಾಕು ಬಿಡೋ. ಚಿತ್ರ ತಾನೆ. ಅಲ್ಲಾಡಲ್ಲ.”

“ಬಸ್ಸಲ್ಲಿ ಹೋಗುತ್ತೆ ಅತ್ತಿಗೆ. ಅಲ್ಲಾಡುತ್ತೆ” ಎಂದು ಅಪ್ಪ ಇನ್ನೊಂದು ಸುತ್ತು ಹಾಕಿದರು.